ಕೃಷಿ ಹೊಂಡಕ್ಕೆ ಕೊಂಡುಕುರಿ ಬೀಳ್ತಾವೆ, ರಂಗಯ್ಯನದುರ್ಗದ ಅಂಚಿನವರು ಏನ್ ಮಾಡ್ತಿದ್ದೀರಿ?

ಹೊಲದಂಚು:
ಎಲ್ಲರಿಗೂ ನಮಸ್ಕಾರ. ನಮ್ದು ಜಗಳೂರು ತಾಲ್ಲೂಕು. ಹೊಲದ ಬದು ದಾಟಿದ್ರೆ ಒಂದು ಹಳ್ಳ, ಹಳ್ಳದ ಆಚೆ ದಡದಿಂದ ರಂಗಯ್ಯನದುರ್ಗ ಕೊಂಡುಕುರಿ ಅರಣ್ಯಧಾಮ ಶುರು. ಮೆಕ್ಕೆಜೋಳ ಹಾಕ್ತೀವಿ, ಹಿಂಗಾರಿಗೆ ಸ್ವಲ್ಪ ಈರುಳ್ಳಿ. ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸೀವಿ, 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ, ಒಳಗೆ ಕರೀ ಹಾಳೆ ಹೊದಿಸಿದ್ದು.

ಹೋದ ವಾರ ಬೆಳಿಗ್ಗೆ ಮೋಟ್ರು ಹಾಕೋಕೆ ಹೋದ್ರೆ ಒಂದು ಹೆಣ್ಣು ಕೊಂಡುಕುರಿ ಹೊಂಡದಾಗೆ ತೇಲ್ತಿತ್ತು. ನೀರು ಎದೆಮಟ್ಟ ಇತ್ತು ಅಷ್ಟೇ. ನಾಲ್ಕೂ ಕಡೆ ಹಾಳೆ ಮೇಲೆ ಗೊರಸಿನ ಗೆರೆ ಬಿದ್ದಿದ್ವು, ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ತನಕ. ಅಲ್ಲಿಂದ ಮುಂದಕ್ಕೆ ಗೆರೆ ಇಲ್ಲ. ಪಾಚಿ ಕಟ್ಟಿದ ಹಾಳೆ ಮೇಲೆ ಕಾಲು ನಿಲ್ಲಂಗಿಲ್ಲ, ಜಾರಿ ಜಾರಿ ಸುಸ್ತಾಗಿ ಹೋಗೈತಿ. ಕೆಚ್ಚಲು ತುಂಬಿತ್ತು. ಅಂದ್ರೆ ಮರಿ ಎಲ್ಲೋ ಐತಿ.

ಅರಣ್ಯ ಇಲಾಖೆಯೋರಿಗೆ ಫೋನ್ ಮಾಡ್ದೆ, ಬಂದ್ರು, ಮಹಜರು ಮಾಡಿದ್ರು, ಡಾಕ್ಟ್ರು ಬಂದು ಪೋಸ್ಟ್‌ಮಾರ್ಟಂ ಮಾಡಿದ್ರು. ಕಾವಲುಗಾರರು, ನಾವು ಎಲ್ಲಾ ಸೇರಿ ಸಂಜೆ ತನಕ ಮರಿ ಹುಡುಕಿದ್ವಿ, ಸಿಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಕಡೆ ಈಗ ಎಷ್ಟೋ ಹೊಲದಾಗೆ ಹೊಂಡ ಆಗ್ಯಾವೆ. ಹಾಳೆ ಹರೀದಂಗೆ, ಜಾಸ್ತಿ ಖರ್ಚಿಲ್ಲದಂಗೆ, ಬಿದ್ದ ಪ್ರಾಣಿ ತಾನೇ ಹತ್ತಿ ಹೋಗೋ ಥರ ಏನಾದ್ರೂ ಮಾಡಿದೋರು ಇದ್ರೆ ಹೇಳ್ರಿ.

ಬೆಣ್ಣೆದೋಸೆ:
ಓದಿ ಬೇಜಾರಾಯ್ತು ಅಣ್ಣ. ಕೊಂಡುಕುರಿ ಅಂದ್ರೆ ಕಾಡಿನ ಕುರಿನಾ, ಜಿಂಕೆನಾ? ನಾನು ದಾವಣಗೆರೆಯಲ್ಲೇ ಹುಟ್ಟಿ ಬೆಳೆದವನು, ಇದರ ಹೆಸರು ಕೇಳಿದ್ದೇ ಈಗ.

ಹಕ್ಕಿನೋಟ:
ಕುರಿನೂ ಅಲ್ಲ, ಜಿಂಕೆನೂ ಅಲ್ಲ. ಕೃಷ್ಣಮೃಗದ ಥರ ಹುಲ್ಲೆ ಜಾತಿ. ಜಿಂಕೆಗೆ, ಕಡವೆಗೆ ಕವಲು ಕೊಂಬು, ಅದು ಉದುರಿ ಮತ್ತೆ ಬರುತ್ತೆ. ಹುಲ್ಲೆಗಳ ಕೊಂಬಿಗೆ ಕವಲಿಲ್ಲ, ಉದುರೋದೂ ಇಲ್ಲ. ಕೊಂಡುಕುರಿಯ ವಿಶೇಷ ಅಂದ್ರೆ ಗಂಡಿಗೆ ನಾಲ್ಕು ಕೊಂಬು. ಹಿಂದಿನ ಜೋಡಿ ಕಿವಿಗಳ ಮಧ್ಯೆ, ಅದು ನಾಲ್ಕೈದು ಇಂಚು ಬರಬಹುದು. ಮುಂದಿನ ಜೋಡಿ ಹಣೆ ಮೇಲೆ, ಒಂದೆರಡು ಇಂಚು. ನಮ್ಮ ದಕ್ಷಿಣದ ಕಡೆಯವಕ್ಕೆ ಎಷ್ಟೋ ಸಲ ಬರೀ ಗುಬುಟು ಇರುತ್ತೆ. ಹೆಣ್ಣಿಗೆ ಕೊಂಬೇ ಇಲ್ಲ. ಕಾಡು ಪ್ರಾಣಿಗಳಲ್ಲಿ ನಾಲ್ಕು ಕೊಂಬಿರೋದು ಇದೊಂದಕ್ಕೇ. ಭಾರತ, ನೇಪಾಳ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ತೂಕ 20 ಕೆ.ಜಿ. ಆಜುಬಾಜು, ಎತ್ತರ ಎರಡು ಅಡಿ. ಅಷ್ಟು ಸಣ್ಣ ಪ್ರಾಣಿಗೆ ಮೂರು ಮೀಟರ್ ಆಳದ ಹೊಂಡ ಅಂದ್ರೆ ಬಾವಿಯೇ. ಇನ್ನೊಂದು ವಿಷ್ಯ, ಇದು ನೀರು ಬಿಟ್ಟು ದೂರ ಇರೋ ಪ್ರಾಣಿ ಅಲ್ಲ. ಒಣನಾಡಿನ ಹುಲ್ಲೆ ಚಿಂಕಾರದ ಥರ ಎಲೆಯ ತೇವದಲ್ಲೇ ದಿನ ದೂಡಲ್ಲ, ಕುಡಿಯೋಕೆ ಬಂದೇ ಬರ್ಬೇಕು. ಬೇಸಿಗೆಯಲ್ಲಿ ಕಾಡೊಳಗೆ ನೀರು ಬತ್ತಿದ್ರೆ ನಿಮ್ಮ ಹೊಂಡಕ್ಕೆ ಬರೋದು ಖಂಡಿತ.

ಹಾಗಲ್ ದಂಡೆ:
ರಂಗಯ್ಯನದುರ್ಗ ನಮ್ಮ ಮೊಳಕಾಲ್ಮೂರು ತಾಲ್ಲೂಕಲ್ಲಿ ಐತೆ ಕಣ್ರೀ, ಚಿನ್ನಹಗರಿ ಮೇಲೆ ಡ್ಯಾಮ್ ಕಟ್ಟಿರೋದು. ಜಗಳೂರು ಹೆಂಗಾಯ್ತು? ಅಲ್ಲಿ ಅರಣ್ಯಧಾಮ ಎಲ್ಲಿ ಬಂತು?

ಹೊಲದಂಚು:
ಡ್ಯಾಮ್ ನಿಮ್ಮ ಕಡೇದೇ ಅಣ್ಣ. ಅರಣ್ಯಧಾಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಮೀಸಲು ಅರಣ್ಯದಾಗೆ ಆಗಿರೋದು, 2011ರಾಗೆ ಘೋಷಣೆ ಆತು. ಸುಮಾರು 77 ಚದರ ಕಿಲೋಮೀಟರ್. 1997ರ ತನಕ ಜಗಳೂರೂ ಚಿತ್ರದುರ್ಗ ಜಿಲ್ಲೆನೇ ಇತ್ತು, ಹಂಗಾಗಿ ಹಿರೇರಿಗೆ ಎರಡೂ ಒಂದೇ ಸೀಮೆ.

ದುರ್ಗದ ಕೋಟೆ:
ಇದಕ್ಕೆ ಇಷ್ಟೊಂದು ಯೋಚನೆ ಯಾಕೆ? ಸುತ್ತ ತಂತಿ ಬೇಲಿ ಹಾಕಿ. ಕೃಷಿಭಾಗ್ಯದಲ್ಲೇ ಹೊಂಡದ ಬೇಲಿಗೂ ಸಹಾಯಧನ ಐತೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮಕ್ಕಳು ಬಿದ್ದು ಸಾಯ್ತಿದ್ದಾರೆ ಅಂತಾನೇ ಬೇಲಿ ಕಡ್ಡಾಯ ಮಾಡ್ಬೇಕು ಅನ್ನೋ ಮಾತು ಬಂದಿದ್ದು. ಬೇಲಿ ಆದ್ರೆ ಕೊಂಡುಕುರಿನೂ ಬೀಳಲ್ಲ, ಮಕ್ಕಳೂ ಬೀಳಲ್ಲ. ಮುಗೀತು.

ತೊಗರಿ ಸಾಲು:
ಮುಗಿಯಲ್ಲ ಅಣ್ಣ. ನಮ್ಮ ಹೊಂಡಕ್ಕೂ ಬೇಲಿ ಐತಿ. ಕಾಡುಹಂದಿ ಕೆಳಗಿಂದ ಮಣ್ಣು ಕೆದರಿ ತೂರ್ತಾವೆ, ಆ ಸಂದಿಯಾಗೆ ಉಳಿದವೂ ತೂರ್ತಾವೆ. ಒಳಗೆ ಹೋದ ಮೇಲೆ ನಾಯಿಗೆ ಹೆದರಿ ಓಡಿದ್ರೆ ಬೇಲಿಗೇ ಡಿಕ್ಕಿ ಹೊಡ್ಕೊಂಡು ನೀರಿಗೆ ಬೀಳ್ತಾವೆ. ಬೇಲಿ ಹಾಕ್ಬೇಡಿ ಅಂತಿಲ್ಲ. ಬೇಲಿ ಹಾಕಿದ ಮೇಲೂ ಒಳಗೆ ಹತ್ತೋಕೆ ಒಂದು ದಾರಿ ಬೇಕೇ ಬೇಕು.

ಕೆರೆ ಏರಿ:
ನಾನು ಹೊಳಲ್ಕೆರೆ ಕಡೆಯವನು, ನಮ್ಮದು ಅಡಿಕೆ ತೋಟ. ನಮ್ಮಲ್ಲಿ ಮೊಲ, ಉಡ, ನಾಯಿಮರಿ, ಒಂದ್ಸಲ ಪಕ್ಕದ ಮನೆ ಆಡು, ಎಲ್ಲಾ ಬಿದ್ದಿವೆ. ನಾವು ಮಾಡಿದ್ದು ಹೇಳ್ತೀನಿ.

ಹಳೇ ಮೊಪೆಡ್, ಬೈಕ್ ಟೈರು ಪಂಕ್ಚರ್ ಅಂಗಡಿಯಲ್ಲಿ ಸಿಗ್ತವೆ. ಒಂದಕ್ಕೊಂದು ನೈಲಾನ್ ಹಗ್ಗದಲ್ಲಿ ಬಿಗಿದು ಏಣಿ ಥರ ಸಾಲು ಮಾಡಿ. ಮೇಲ್ತುದಿ ಹೊಂಡದ ಏರಿ ಆಚೆ, ಹಾಳೆ ಮಣ್ಣಲ್ಲಿ ಹೂತಿರ್ತಾರಲ್ಲ, ಅದಕ್ಕಿಂತ ಎರಡು ಅಡಿ ಹೊರಗೆ ಗೂಟ ಹೊಡೆದು ಕಟ್ಬೇಕು. ಹಾಳೆ ಮೇಲೆ ಎಲ್ಲೂ ಮೊಳೆ, ಗೂಟ ಬೇಡ. ಕೆಳತುದಿಗೆ ಗೋಣಿಚೀಲದಲ್ಲಿ ಮರಳು ತುಂಬಿ ಕಟ್ಟಿ ತಳಕ್ಕೆ ಬಿಡಿ, ಕಲ್ಲು ಬೇಡ, ಕಲ್ಲು ಹಾಳೆ ಸೀಳುತ್ತೆ. ತಳ ಮುಟ್ಟಲೇಬೇಕು. ನೀರು ಇಳಿದಂಗೆ ಏಣಿ ಗಾಳಿಯಲ್ಲಿ ನೇತಾಡಿದ್ರೆ ಏನೂ ಉಪಯೋಗ ಇಲ್ಲ. ಬೇಸಿಗೆಯಲ್ಲಿ ನೀರು ಕಮ್ಮಿ ಇದ್ದಾಗಲೇ ಪ್ರಾಣಿ ಬೀಳೋದು ಜಾಸ್ತಿ.

ಟೈರ್ ಒಳಗೆ ಕಾಲು ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಭಯ ಇದ್ರೆ ತೆಂಗಿನ ನಾರಿನ ಮ್ಯಾಟ್ ಇನ್ನೂ ಒಳ್ಳೇದು. ಮೂರಡಿ ಅಗಲದ ಪಟ್ಟಿ, ಅಡ್ಡಕ್ಕೆ ಅಡಿಗೊಂದು ದಪ್ಪ ಹಗ್ಗ ಹೊಲಿದ್ರೆ ಗೊರಸಿಗೆ ಹಿಡಿತ ಸಿಗುತ್ತೆ. ನಾರು ಎರಡು ಮೂರು ವರ್ಷಕ್ಕೆ ಕೊಳೆಯುತ್ತೆ, ಬದಲಾಯಿಸ್ಬೇಕು.

ಎಲ್ಲಿ ಹಾಕ್ಬೇಕು ಅನ್ನೋದೂ ಮುಖ್ಯ. ಬಿದ್ದ ಪ್ರಾಣಿ ಮಧ್ಯದಲ್ಲಿ ಈಜಲ್ಲ, ಅಂಚು ಹಿಡಿದು ಸುತ್ತು ಹಾಕುತ್ತೆ, ಮೂಲೆಗೆ ಬಂದು ನಿಲ್ಲುತ್ತೆ. ಹಂಗಾಗಿ ಮೂಲೆಗೆ ಹಾಕಿ. ಕನಿಷ್ಠ ಎದುರುಬದುರು ಎರಡು ಮೂಲೆಗೆ.

ಹೊಲದಂಚು:
ಇದು ಬೇಕಾಗಿತ್ತು ನೋಡಣ್ಣ. ನಮ್ಮ ಹೊಂಡದಾಗೂ ಗೆರೆ ಜಾಸ್ತಿ ಇದ್ದಿದ್ದು ಮೂಲೆಯಾಗೇ. ನಾರಿನ ಮ್ಯಾಟ್ ನಮ್ಮ ಕಡೆ ಸಿಗಲ್ಲ, ಟೈರ್ ನೋಡ್ತೀನಿ. ಟೈರ್ ಒಳಗಿನ ತೂತಿಗೆ ಗೋಣಿ ತುಂಬಿ ಹೊಲಿದ್ರೆ ಕಾಲು ಸಿಕ್ಕಲ್ಲ ಅಲ್ವಾ?

ಕೆರೆ ಏರಿ:
ಸರಿಹೋಗುತ್ತೆ. ಹೊಸದಾಗಿ ಹೊಂಡ ತೆಗೆಸೋರಿಗೆ ಒಂದು ಮಾತು: ತೆಗೆಸುವಾಗಲೇ ಒಂದು ಬದಿಯ ಇಳಿಜಾರು ಕಡಿದಾಗಿರದಂಗೆ ಚಾಚಿಸಿ. ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಚಾಚೋ ಬದಲು ಮೂರು ಅಡಿ ಚಾಚಿದ್ರೆ ಆಡು ಮರಿನೂ ಹತ್ತುತ್ತೆ. ಜೆಸಿಬಿ ಅಲ್ಲೇ ನಿಂತಿರುತ್ತೆ, ಅರ್ಧ ಗಂಟೆ ಕೆಲಸ. ಅಳತೆ ಬದಲಾದ್ರೆ ಬಿಲ್ ಆಗಲ್ಲ ಅಂತ ಕೆಲವರು ಹೇಳ್ತಾರೆ, ಮುಂಚೇನೇ ಕೃಷಿ ಅಧಿಕಾರಿ ಹತ್ರ ಮಾತಾಡಿಕೊಂಡು ಮಾಡಿ.

ದನದ ಡಾಕ್ಟರ್:
ನಾನು ಪಶುವೈದ್ಯೆ, ದಾವಣಗೆರೆ ಜಿಲ್ಲೆಯಲ್ಲೇ ಕೆಲಸ. ಜೀವ ಇರುವಾಗ ಸಿಕ್ಕ ಪ್ರಾಣಿ ಬಗ್ಗೆ ಹೇಳಲೇಬೇಕು.

ಜಿಂಕೆ, ಕೊಂಡುಕುರಿ, ಕೃಷ್ಣಮೃಗ ಇವೆಲ್ಲ ಹಿಡಿದಾಗ ಆಗೋ ಭಯಕ್ಕೇ ಸಾಯ್ತವೆ. ಬಹಳ ಹೊತ್ತು ಒದ್ದಾಡಿ, ಓಡಿ, ಹೆದರಿದಾಗ ಸ್ನಾಯುಗಳೇ ಹಾಳಾಗುತ್ತವೆ. ಆ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತೆ, ಹೃದಯ ನಿಲ್ಲುತ್ತೆ. ನೀರಿಂದ ಎತ್ತಿದಾಗ ಚೆನ್ನಾಗೇ ಇರುತ್ತೆ, ಜನ ಖುಷಿಯಾಗಿ ಕಾಡಿಗೆ ಬಿಡ್ತಾರೆ, ಮಾರನೇ ದಿನವೋ ಮೂರನೇ ದಿನವೋ ಪೊದೆಯಲ್ಲಿ ಸತ್ತಿರುತ್ತೆ. ಯಾರಿಗೂ ಗೊತ್ತಾಗಲ್ಲ.

ಅದಕ್ಕೆ ಮೊದಲು ಜನರನ್ನ ದೂರ ಕಳಿಸಿ, ನಾಯಿ ಕಟ್ಟಿಹಾಕಿ. ಅದು ತಾನೇ ಹತ್ತೋ ಹಾಗೆ ಹಗ್ಗದ ಬಲೆಯೋ ಏಣಿಯೋ ಇಳಿಬಿಟ್ಟು ಮರೆಗೆ ಹೋಗಿ. ಕೈಹಾಕಿ ಎತ್ತಲೇಬೇಕಾದ್ರೆ ಬೇಗ ಎತ್ತಿ, ತಕ್ಷಣ ಕಣ್ಣಿಗೆ ದಪ್ಪ ಬಟ್ಟೆ ಮುಚ್ಚಿ. ಕಣ್ಣು ಮುಚ್ಚಿದ್ರೆ ಅರ್ಧ ಭಯ ಹೋಗುತ್ತೆ. ಕಾಲು ಬಿಗಿಯಾಗಿ ಕಟ್ಟಬೇಡಿ, ಅಡ್ಡಡ್ಡ ಮಲಗಿಸಿ ಮೇಲೆ ಕೂರಬೇಡಿ, ಬಾಯಿಗೆ ನೀರು, ಗ್ಲೂಕೋಸು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಫೋಟೋ, ವಿಡಿಯೋ ಯಾವುದೂ ಬೇಡ. 1926ಕ್ಕೆ ಕರೆ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ.

ಮರಿ ಬಗ್ಗೆ: ತಾಯಿ ಮರಿಯನ್ನ ಹುಲ್ಲಲ್ಲಿ ಅಡಗಿಸಿ ಮೇಯೋಕೆ ಹೋಗುತ್ತೆ, ಹಾಲು ಕೊಡೋಕೆ ಮಾತ್ರ ಬರುತ್ತೆ. ಮರಿ ಅಲ್ಲಾಡದೆ ಮುದುರಿ ಕೂತಿರುತ್ತೆ. ಅನಾಥ ಅಂದ್ಕೊಂಡು ಮನೆಗೆ ತಂದು ಹಸುವಿನ ಹಾಲು ಕುಡಿಸಿ ಭೇದಿ ಹತ್ತಿಸಿ ಕೊಂದವರನ್ನ ನೋಡಿದ್ದೀನಿ. ಈಗಿನದು ತಾಯಿ ಸತ್ತಿದ್ದು ಖಚಿತ ಇರೋ ಪ್ರಕರಣ, ಹುಡುಕಿದ್ದು ಸರಿ. ಆದ್ರೆ ಉಳಿದ ಯಾವ ಮರಿಯನ್ನೂ ಮುಟ್ಟಬೇಡಿ.

ದುರ್ಗದ ಕೋಟೆ:
ಮೇಡಂ, ಸತ್ತಿದ್ದನ್ನ ಇಲಾಖೆಗೆ ಹೇಳಿದ್ದೇ ಧೈರ್ಯ. ನಮ್ಮ ಕಡೆ ಆದ್ರೆ ಸುಮ್ನೆ ಗುಂಡಿ ತೋಡಿ ಮುಚ್ತಾರೆ. ಇಲ್ಲಾಂದ್ರೆ ಅವನ ಮೇಲೇ ಕೇಸು.

ಹಕ್ಕಿನೋಟ:
ಹಾಗೆ ಮುಚ್ಚೋದೇ ಅಪಾಯ. ಕೊಂಡುಕುರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿಗೆ ಇರೋ ರಕ್ಷಣೆನೇ ಇದಕ್ಕೂ. ಸತ್ತು ಸಿಕ್ಕ ಪ್ರಾಣಿ ಸರ್ಕಾರದ ಸ್ವತ್ತು, 48 ಗಂಟೆ ಒಳಗೆ ತಿಳಿಸ್ಬೇಕು. ತಿಳಿಸಿದವನ ಮೇಲೆ ಅನುಮಾನ ಬರೋದು ಕಡಿಮೆ; ಮುಚ್ಚಿಟ್ಟು ಯಾರೋ ಹೇಳಿದ್ರೆ ಬೇಟೆ ಅಂತ ಕೇಸಾಗುತ್ತೆ, ಆಗ ಹೊಂಡಕ್ಕೆ ಬಿದ್ದಿದ್ದು ಅಂತ ಸಾಬೀತು ಮಾಡೋದು ಹೇಗೆ?

ಇನ್ನೊಂದು ಕಾರಣ ಇದೆ. ಹೊಂಡಕ್ಕೆ ಬಿದ್ದು ಎಷ್ಟು ಸತ್ತವು ಅನ್ನೋದು ದಾಖಲೆಗೆ ಬಂದ್ರೆ ತಾನೇ ಅಂಚಿನ ಹೊಂಡಗಳಿಗೆ ಏಣಿ ಕಡ್ಡಾಯ ಮಾಡಿ ಅಂತ ಕೇಳೋಕೆ ಆಗೋದು?

ಕರಿ ಕಂಬಳಿ:
ಎಲ್ಲಾ ಓದಿದೆ. ನಮ್ಮ ಮನೆತನ ಕುರಿ ಕಾಯೋದು. ಹೊಂಡದ ಮಾತು ಸರಿ. ಆದ್ರೆ ಕೊಂಡುಕುರಿ ಸಾಯೋದು ಹೊಂಡದಿಂದ ಮಾತ್ರ ಅಲ್ಲ, ನಾಯಿಂದ. ಊರ ಹೊರಗೆ ರಸ್ತೆ ಪಕ್ಕ ಕೋಳಿ ಅಂಗಡಿಯೋರು ಪುಚ್ಚ, ಕರುಳು ಚೀಲದಾಗೆ ತುಂಬಿ ಎಸೀತಾರೆ. ಅದನ್ನ ತಿಂದು ನಾಯಿ ಹಿಂಡು ಬೆಳೀತಾವೆ. ಕೋಳಿ ಅಂಗಡಿ ಬಂದ್ ಇರೋ ದಿನ ಅದೇ ಹಿಂಡು ಹಳ್ಳದ ದಡಕ್ಕೆ ಇಳೀತದೆ. ನಮ್ಮ ಕುರಿಮರೀನೂ ಬಿಡಲ್ಲ. ಹಸಿದ ಚಿರತೆ ಒಂದು ಹೊಡೆದು ತಿಂದು ಸುಮ್ಮನಾಗ್ತದೆ. ಇವು ಆರು ಅಟ್ಟಾಡಿಸಿ ಆರೂ ಕಡಿದು ಬಿಟ್ಟು ಹೋಗ್ತಾವೆ. ಆ ಹೆಣ್ಣು ಕೊಂಡುಕುರಿನೂ ನಾಯಿ ಅಟ್ಟಿಸಿಕೊಂಡೇ ನೀರಿಗೆ ಹಾರಿರ್ಬೇಕು. ಕುಡಿಯೋಕೆ ಬಂದ ಪ್ರಾಣಿ ಜಾರೋ ಕಡೆ ಕಾಲಿಡಲ್ಲ, ಅಂಚಿನಾಗೆ ಮೂಗಿಟ್ಟು ನೋಡ್ತದೆ.

ಹೊಲದಂಚು:
ಇರಬಹುದು ಮಾವ. ಏರಿ ಮೇಲೆ ನಾಯಿ ಹೆಜ್ಜೆ ಇದ್ವು, ಆದ್ರೆ ನಮ್ಮ ನಾಯೀನೂ ಓಡಾಡ್ತದೆ, ಯಾವ್ದು ಅಂತ ಹೇಳೋದು.

ಹಕ್ಕಿನೋಟ:
ನಾಯಿ ವಿಷ್ಯ ನೂರಕ್ಕೆ ನೂರು ಒಪ್ತೀನಿ. ಆದ್ರೆ ಕಂಬಳಿ ಅಣ್ಣ, ಕುರಿ ಮಂದೆಯೂ ಒಳಗೆ ಹೋಗುತ್ತೆ. ಮಂದೆ ಹಿಂದೆ ಕಾವಲು ನಾಯಿ ಹೋಗುತ್ತೆ. ಮಾರ್ಚ್ ತಿಂಗಳು ಬಂದ್ರೆ ಹೊಸ ಚಿಗುರು ಬರ್ಲಿ ಅಂತ ಬಾದೆ ಹುಲ್ಲಿಗೆ ಬೆಂಕಿ ಬೀಳುತ್ತೆ. ಕೊಂಡುಕುರಿಗೆ ಎತ್ತರದ ಹುಲ್ಲೇ ಮನೆ. ಮರಿ ಅಡಗೋದೂ ಅಲ್ಲೇ. ಬೆಂಕಿ ಹೊತ್ತಿದ್ರೆ ಓಡದೆ ಮುದುರಿ ಕೂರೋ ಮರಿ ಗತಿ ಏನು?

ಕರಿ ಕಂಬಳಿ:
ಬೆಂಕಿ ಹಚ್ಚೋರೆಲ್ಲ ಕುರಿಯೋರೇ ಅಂತ ನೀವೇ ತೀರ್ಪು ಕೊಟ್ರೆ ಹೆಂಗೆ? ಬೀಡಿ ಸೇದಿ ಎಸೆಯೋರು, ಮೊಲ ಎಬ್ಬಿಸೋಕೆ ಹಚ್ಚೋರು, ದೇವರಿಗೆ ಬಂದು ಅಡುಗೆ ಮಾಡಿ ಒಲೆ ಆರಿಸದೆ ಹೋಗೋರು, ಎಲ್ಲಾರೂ ಅವ್ರೆ. ಬೆಂಕಿ ಬಿದ್ರೆ ಮೊದಲು ಸೊಪ್ಪು ತಗೊಂಡು ಬಡಿಯೋಕೆ ಹೋಗೋದೂ ನಾವೇ. ಮೇಲಾಗಿ ಸುಟ್ಟ ವರ್ಷ ಮಳೆ ತಡ ಆದ್ರೆ ಚಿಗುರೇ ಬರಲ್ಲ, ನಮಗೂ ಮೇವಿಲ್ಲ. ತಿಳಿದ ಕುರಿಗಾರ ಬೆಂಕಿ ಹಚ್ಚಲ್ಲ.

ಹಕ್ಕಿನೋಟ:
ಸರಿ ಅಣ್ಣ, ಎಲ್ಲರೂ ಅಂದಿದ್ದು ಸರಿಯಲ್ಲ. ಕುರಿಗಾರರಿಲ್ಲದೆ ಬೆಂಕಿ ತಡೆಯೋಕೆ ಆಗಲ್ಲ ಅನ್ನೋದೂ ನಿಜ. ಆದ್ರೂ ಧಾಮದೊಳಗೆ ಮೇಯಿಸೋದಕ್ಕೆ ಮಿತಿ ಬೇಕು. ಎರಡು ಸಾವಿರ ಕುರಿ ಕುಡಿದು ಹೋದ ಗುಂಡಿಯಲ್ಲಿ ಕೊಂಡುಕುರಿಗೆ ಕೆಸರು ಮಾತ್ರ ಉಳಿಯುತ್ತೆ.

ದನದ ಡಾಕ್ಟರ್:
ಈ ಜಗಳದಲ್ಲಿ ಒಂದು ಕೆಲಸ ಮರೀತೀವಿ. ಧಾಮದ ಸುತ್ತ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸ್ಬೇಕು ಅಂತ ಕಾಯ್ದೆಯಲ್ಲೇ ಇದೆ. ಕಾಲುಬಾಯಿ ಜ್ವರ, ಕುರಿ ಆಡಿಗೆ ಬರೋ ಪಿಪಿಆರ್ ಅನ್ನೋ ರೋಗ ಎರಡೂ ಕಾಡಿನ ಗೊರಸು ಪ್ರಾಣಿಗಳಿಗೆ ದಾಟ್ತವೆ. ಒಂದೇ ಗುಂಡಿಯಲ್ಲಿ ಕುಡಿದ್ರೆ ಸಾಕು. ಲಸಿಕೆ ಶಿಬಿರ ಅಂತ ಡಂಗುರ ಸಾರಿದ್ರೆ ಮಂದೆ ಆಚೆ ಊರಿಗೆ ಹೊಡ್ಕೊಂಡು ಹೋಗ್ತಾರೆ, ಲಸಿಕೆ ಹಾಕಿಸಿದ್ರೆ ಕುರಿ ಬಡಕಾಗುತ್ತೆ ಅನ್ನೋ ನಂಬಿಕೆ. ಕಂಬಳಿ ಅಣ್ಣ, ನಿಮ್ಮಂಥವರು ಹೇಳಿದ್ರೆ ಕೇಳ್ತಾರೆ.

ಕರಿ ಕಂಬಳಿ:
ಹಾಕಿಸ್ತೀವಿ ಅಮ್ಮ. ಗರ್ಭದ ಕುರಿ ಹಿಡಿದು ಒತ್ತಾಡಿಸ್ತಾರೆ, ಕಂದು ಹಾಕ್ತವೆ ಅಂತ ಹೆದರಿಕೆ. ಈದ ಮೇಲೆ ಒಂದು ದಿನ ಇಟ್ರೆ ಯಾರೂ ಓಡಲ್ಲ.

ದೇವರ ಎತ್ತು:
ನಮ್ಮ ಮ್ಯಾಸಬೇಡರ ದೇವರ ದನಗಳು ಈ ಗುಡ್ಡ, ಈ ಕಾವಲಿನ ಹುಲ್ಲುಗಾವಲ ಮೇಲೇ ಬದುಕಿದ್ದು. ಆ ದನ ಕಾಯೋ ಕಿಲಾರಿಗಳು ಬರಿಗಾಲಲ್ಲಿ ದನದ ಹಿಂದೆ ಹೋಗ್ತಾರೆ, ಅವರಿಗೆ ಯಾವ ಮರೆಯಲ್ಲಿ ಕೊಂಡುಕುರಿ ಹಿಕ್ಕೆ ಹಾಕುತ್ತೆ ಅಂತ ಗೊತ್ತು. ಒಂದೇ ಜಾಗಕ್ಕೆ ದಿನಾ ಬಂದು ಹಾಕುತ್ತೆ, ರಾಶಿ ಆಗಿರುತ್ತೆ. ಆ ರಾಶಿ ಹೊಸದೋ ಹಳೇದೋ ನೋಡಿ ಪ್ರಾಣಿ ಇದೆಯೋ ಹೋಯ್ತೋ ಹೇಳ್ತಾರೆ. ಗಣತಿಗೆ ಬರೋರು ಮೊದಲು ಕಿಲಾರಿಗಳನ್ನ ಕೇಳಬೇಕು.

ನಮ್ಮ ಸಂಕಟ ಬೇರೆ. ಚಳ್ಳಕೆರೆ ಕಡೆ ಕುದಾಪುರದ ಅಮೃತಮಹಲ್ ಕಾವಲು ಸಾವಿರಾರು ಎಕರೆ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಸ್ಥೆಗಳಿಗೆ ಹೋಯ್ತು, ಸುತ್ತ ಗೋಡೆ ಬಂತು. ಈ ಕಡೆ ಗುಡ್ಡ ಧಾಮ ಆಯ್ತು. ಬಯಲು ಅಡಿಕೆ, ಮೆಕ್ಕೆಜೋಳ ಆಯ್ತು. ದನ ಎಲ್ಲಿ ಮೇಯಬೇಕು? ಬರ ಬಂದ್ರೆ ಗೋಶಾಲೆ ಮುಂದೆ ನಿಲ್ಲಬೇಕು. ನಮ್ಮನ್ನ ಹೊರಗಿಟ್ಟು ಕಾಡು ಉಳಿಸ್ತೀವಿ ಅಂದ್ರೆ ಒಪ್ಪೋಕೆ ಆಗಲ್ಲ.

ಹಕ್ಕಿನೋಟ:
ಕಾವಲಿನ ವಿಷಯದಲ್ಲಿ ನಿಮ್ಮ ಜೊತೆ ಇದ್ದೀನಿ. ಅದು ಬೀಳು ಭೂಮಿ ಅಂತ ಕಾಗದದಲ್ಲಿ ಬರೆದ್ರು, ಕೃಷ್ಣಮೃಗ, ತೋಳ, ದೊರವಾಯನ ಹಕ್ಕಿ ಇದ್ದ ಹುಲ್ಲುಗಾವಲು ಅದು. ಮರ ಇಲ್ಲದ ಜಾಗ ಅಂದ್ರೆ ಖಾಲಿ ಜಾಗ ಅನ್ನೋ ತಿಳುವಳಿಕೆ ಇನ್ನೂ ಹೋಗಿಲ್ಲ. ಕೊಂಡುಕುರಿ ಕಾಡನ್ನೂ ಹಾಗೇ ನೋಡ್ತಾರೆ: ಕುರುಚಲು, ಜಾಲಿ, ಕಮರ, ಕಾರೆ ಮುಳ್ಳು, ಇದೇನು ಕಾಡಾ ಅಂತ. ಅಲ್ಲಿ ಗುಂಡಿ ತೋಡಿ ನೀಲಗಿರಿ ನೆಟ್ರೆ ಹಸಿರು ಕಾಣುತ್ತೆ, ಕೊಂಡುಕುರಿ ಹೋಗುತ್ತೆ.

ಬೆಣ್ಣೆದೋಸೆ:
ಸಫಾರಿ ಮಾಡಿದ್ರೆ ಆಗಲ್ವಾ? ದಾವಣಗೆರೆ ಮಕ್ಕಳು ಆನಗೋಡು ಪ್ರಾಣಿ ಸಂಗ್ರಹಾಲಯ ನೋಡಿ ಸುಮ್ಮನಾಗ್ತಾರೆ. ಜೀಪ್ ಬಿಟ್ರೆ ಊರಿನ ಹುಡುಗರಿಗೆ ಕೆಲಸ, ಧಾಮಕ್ಕೆ ಹೆಸರು.

ತೊಗರಿ ಸಾಲು:
ಜೀಪಿನಾಗೆ ಕೂತೋರಿಗೆ ಕೊಂಡುಕುರಿ ಕಾಣಲ್ಲ. ಒಂಟಿ ಪ್ರಾಣಿ, ಹೆಚ್ಚಂದ್ರೆ ಎರಡು. ಹುಲ್ಲಿನಾಗೆ ಕೂತ್ರೆ ಕಲ್ಲು ಯಾವ್ದು ಅದು ಯಾವ್ದು ಗೊತ್ತಾಗಲ್ಲ. ಎದ್ದರೆ ಒಂದು ಓಟ, ಬಾಲ ಕಂಡ್ರೆ ನಿಮ್ಮ ಪುಣ್ಯ. ಎರಡು ಸಲ ಏನೂ ಕಾಣದೆ ಬಂದ ಜನ ಬಯ್ಕೊಂಡು ಹೋಗ್ತಾರೆ.

ಹಕ್ಕಿನೋಟ:
ಜೀಪ್ ಬೇಡ. ಆದ್ರೆ ಮಕ್ಕಳು ಬರಲೇಬಾರದು ಅನ್ನೋದೂ ಸರಿಯಲ್ಲ. ಜಗಳೂರಿನ ಶಾಲೆ ಮಕ್ಕಳೇ ಎಷ್ಟೋ ಜನ ಕೊಂಡುಕುರಿ ನೋಡಿಲ್ಲ. ಇಲಾಖೆ ಅನುಮತಿ ತಗೊಂಡು, ಕಾವಲುಗಾರರ ಜೊತೆ, ಅಂಚಿನ ದಾರಿಯಲ್ಲಿ ಬೆಳಿಗ್ಗೆ ನಡೆದ್ರೆ ಹೆಜ್ಜೆ, ಹಿಕ್ಕೆ ರಾಶಿ, ಕರಡಿ ಕೆದರಿದ ಗೆದ್ದಲ ಹುತ್ತ, ಮುಳ್ಳುಹಂದಿ ಮುಳ್ಳು, ನವಿಲು, ಗೌಜುಗ ಎಲ್ಲಾ ಸಿಗುತ್ತೆ. ಕೊಂಡುಕುರಿ ಕಾಣಲೇಬೇಕು ಅಂತ ಹಟ ಇಟ್ಕೊಂಡು ಬರ್ಬೇಡಿ, ಅಷ್ಟೇ. ಸೀತಾಫಲದ ಕಾಲದಲ್ಲಿ ಮಾತ್ರ ಪೊದೆ ಕಡೆ ಹೋಗ್ಬೇಡಿ, ಕರಡಿ ಇರುತ್ತೆ.

ಬೆಣ್ಣೆದೋಸೆ:
ಹಾಗಾದ್ರೆ ಮಗಳ ಶಾಲೆಯಲ್ಲಿ ಮಾತಾಡ್ತೀನಿ. ಮಳೆಗಾಲ ಮುಗಿದ ಮೇಲೆ ಬಂದ್ರೆ ಸರಿನಾ?

ಹಕ್ಕಿನೋಟ:
ನವೆಂಬರ್, ಡಿಸೆಂಬರ್ ಚೆನ್ನಾಗಿರುತ್ತೆ. ಹುಲ್ಲು ಒಣಗಿರುತ್ತೆ, ನೀರು ಇನ್ನೂ ಇರುತ್ತೆ.

ಸೂರ್ಯಕಾಂತಿ:
ಎಲ್ಲರೂ ಪ್ರಾಣಿ ಪ್ರಾಣಿ ಅಂತೀರಿ. ನಮ್ಮ ಎರಡು ಎಕರೆ ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಹಂದಿ ನುಗ್ಗಿ ಮಲಗಿಸಿ ಹೋದ್ವು. ಅರ್ಜಿ ಕೊಟ್ವಿ, ಫೋಟೋ ಕೊಟ್ವಿ, ಪಹಣಿ ಕೊಟ್ವಿ. ಪಹಣಿ ತೀರಿಹೋದ ಮಾವನ ಹೆಸರಲ್ಲಿ ಐತಿ, ಪೌತಿ ಖಾತೆ ಮಾಡಿಸಿ ನಿಮ್ಮ ಹೆಸರಿಗೆ ಮಾಡ್ಕೊಂಡು ಬನ್ನಿ ಅಂದ್ರು. ಅಷ್ಟರಲ್ಲಿ ಬೆಳೆ ಗುರುತೇ ಇರಲಿಲ್ಲ. ನಮ್ಮ ಯಜಮಾನ್ರು ಲೈನ್‌ನಿಂದ ನೇರ ಕರೆಂಟ್ ಎಳೆದು ತಂತಿ ಬಿಡ್ತೀನಿ ಅಂತ ಕೂತವ್ರೆ. ನಾನು ಎಷ್ಟು ದಿನ ತಡೀಲಿ?

ಹೊಲದಂಚು:
ಅಕ್ಕ, ದಯವಿಟ್ಟು ತಡೀರಿ. ಲೈನ್ ಕರೆಂಟ್ ಬಿಟ್ರೆ ಹಂದಿ ಒಂದೇ ಸಾಯಲ್ಲ. ರಾತ್ರಿ ನೀರು ಕಟ್ಟೋಕೆ ಹೋದ ಮನುಷ್ಯ ಸಾಯ್ತಾನೆ, ಪಕ್ಕದ ಹೊಲದೋನ ಎತ್ತು ಸಾಯ್ತದೆ. ಜೈಲು ಗ್ಯಾರಂಟಿ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟು ಬಿಟ್ಟು ಹೊಡೀತದೆ, ಜುಮ್ ಅಂತದೆ, ಕೊಲ್ಲಲ್ಲ. ಅದಕ್ಕೆ ಸಹಾಯಧನ ಐತಾ ಅಂತ ವಲಯ ಅರಣ್ಯ ಕಚೇರಿಯಾಗೆ ಕೇಳ್ರಿ.

ತೊಗರಿ ಸಾಲು:
ಪರಿಹಾರದ ವಿಷ್ಯ: ಈಗ ಅರಣ್ಯ ಇಲಾಖೆಯ ಇ-ಪರಿಹಾರದಾಗೆ ಅರ್ಜಿ ದಾಖಲಾಗ್ತದೆ. ನಷ್ಟ ಆದ ದಿನವೇ ಬೀಟ್ ಗಾರ್ಡ್‌ಗೆ ಫೋನ್ ಮಾಡಿ ಸ್ಥಳ ತೋರಿಸ್ಬಿಡ್ರಿ, ಹೆಜ್ಜೆ ಅಳಿಸೋಕೆ ಮುಂಚೆ. ಅರ್ಜಿ ನಂಬರ್ ಬರೆಸ್ಕೊಳ್ಳದೆ ಎದ್ದು ಬರ್ಬೇಡಿ. ಪೌತಿ ಖಾತೆ ಮಾತ್ರ ಹೆಂಗಾದ್ರೂ ಮಾಡಿಸ್ಲೇಬೇಕು, ಇಲ್ಲಾಂದ್ರೆ ಬೆಳೆ ವಿಮೆನೂ ಬರಲ್ಲ.

ಸೂರ್ಯಕಾಂತಿ:
ನಾಳೆನೇ ನಾಡಕಚೇರಿಗೆ ಹೋಗ್ತೀನಿ. ಒಂದು ಮಾತು ಹೇಳ್ತೀನಿ, ಕೊಂಡುಕುರಿ ಮೇಲೆ ನಮಗೆ ಸಿಟ್ಟಿಲ್ಲ. ಅದು ಬಂದ್ರೂ ನಾಲ್ಕು ಚಿಗುರು ಕಚ್ಚಿ ಹೋಗ್ತದೆ. ಹಂದಿ ಸಿಟ್ಟು ಅದರ ಮೇಲೆ ಬೀಳ್ತೈತಿ, ಉರುಳು ಹಾಕೋದು ಹಂದಿಗೆ, ಸಿಕ್ಕೋದು ಅದು.

ದುರ್ಗದ ಕೋಟೆ:
ಸರಿ, ಬೇಲಿ ಒಂದರಿಂದ ಆಗಲ್ಲ ಅಂತ ಒಪ್ಪಿದೆ. ಆದ್ರೆ ಕಾಡೊಳಗೇ ನೀರು ಇಟ್ರೆ ಹೊಂಡಕ್ಕೆ ಯಾಕೆ ಬರ್ತವೆ? ಸಿಮೆಂಟ್ ತೊಟ್ಟಿ ಕಟ್ಟಿ ಟ್ಯಾಂಕರ್‌ನಲ್ಲಿ ತುಂಬಿಸಲಿ. ಚಿತ್ರದುರ್ಗದ ನಮ್ಮ ಜೋಗಿಮಟ್ಟಿ ಕಾಡಲ್ಲೂ ಅದೇ ಬೇಕು.

ಕೆರೆ ಏರಿ:
ತೊಟ್ಟಿ ಬೇಕು, ಆದ್ರೆ ಒಂದೆರಡು ದೊಡ್ಡದು ಕಟ್ಟಿದ್ರೆ ಎಲ್ಲಾ ಪ್ರಾಣಿನೂ ಅಲ್ಲಿಗೇ ಬರ್ತವೆ, ನಾಯಿಗೆ, ಉರುಳು ಹಾಕೋನಿಗೆ ಅನುಕೂಲ. ಸಣ್ಣ ಸಣ್ಣದು, ದೂರ ದೂರ ಇರ್ಬೇಕು. ಅಂಚು ತಟ್ಟೆ ಥರ ಇಳಿಜಾರಿರ್ಬೇಕು, ಗೋಡೆ ಎತ್ತಿದ ತೊಟ್ಟಿಯಲ್ಲಿ ಇಣಚಿ, ಹಕ್ಕಿ ಮುಳುಗಿ ಸಾಯ್ತವೆ. ಟ್ಯಾಂಕರ್ ಒಂದು ವಾರ ತಪ್ಪಿದ್ರೆ ಎಲ್ಲಾ ಮುಗೀತು, ಹಂಗಾಗಿ ಬೋರು, ಸೋಲಾರ್ ಪಂಪು ಇರೋ ಕಡೆ ಒಳ್ಳೇದು. ಅದಕ್ಕಿಂತ ಮೊದಲು ಹಳ್ಳದ ಹಳೇ ತಡೆಗೋಡೆಗಳ ಹೂಳು ತೆಗೀಲಿ.

ಹೊಲದಂಚು:
ತುಂಗಭದ್ರೆ ನೀರು ತಂದು ಜಗಳೂರು ಭಾಗದ 57 ಕೆರೆ ತುಂಬಿಸೋ ಯೋಜನೆ ಐತಲ್ಲ, ಅಂಚಿನ ಕೆರೆ ತುಂಬಿದ್ರೆ ಅಂತರ್ಜಲನೂ ಏರ್ತದೆ, ಪ್ರಾಣಿಗೂ ಆಗ್ತದೆ. ಕೆರೆ ದಡ ಇಳಿಜಾರು, ಯಾವ ಪ್ರಾಣಿನೂ ಜಾರಿ ಸಾಯಲ್ಲ.

ಕರಿ ಕಂಬಳಿ:
ಕೆರೆ ಮಾತು ದೊಡ್ಡೋರ ಕೈಯಾಗೈತೆ. ನಾಯಿ ಮಾತು ಪಂಚಾಯ್ತಿ ಕೈಯಾಗೈತೆ. ಅದನ್ನ ಯಾರೂ ಮುಂದಕ್ಕೆ ತಗೊಂಡು ಹೋಗ್ಲಿಲ್ಲ ಇಲ್ಲಿ.

ದನದ ಡಾಕ್ಟರ್:
ತಗೊಂಡು ಹೋಗೋಣ. ನಾಯಿ ಕೊಲ್ಲೋಕೆ ಕಾನೂನು ಬಿಡಲ್ಲ, ಕೊಂದ್ರೂ ತಿಪ್ಪೆ ಇರೋ ತನಕ ಹೊಸ ನಾಯಿ ಬರುತ್ತೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಗ್ರಾಮ ಪಂಚಾಯ್ತಿಗಳು ಹಣ ಇಲ್ಲ ಅಂತವೆ. ಅಂಚಿನ ನಾಲ್ಕೈದು ಪಂಚಾಯ್ತಿ ಸೇರಿ ನಿರ್ಣಯ ಮಾಡಿ ಜಿಲ್ಲಾ ಪಂಚಾಯ್ತಿಗೆ ಕಳಿಸಿದ್ರೆ ತೂಕ ಬರುತ್ತೆ. ಕೋಳಿ ತ್ಯಾಜ್ಯಕ್ಕೆ ಇಂದೇ ಮಾಡಬಹುದು: ಅಂಗಡಿ ಪರವಾನಗಿ ಕೊಡೋದು ಪಂಚಾಯ್ತಿಯೇ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚದಿದ್ರೆ ನವೀಕರಣ ಇಲ್ಲ ಅಂತ ಷರತ್ತು ಹಾಕಲಿ.

ದೇವರ ಎತ್ತು:
ನಮ್ಮೂರ ಗ್ರಾಮಸಭೆಯಲ್ಲಿ ಈ ಮಾತು ಎತ್ತೋಕೆ ನಾನು ತಯಾರು. ಆದ್ರೆ ಅದೇ ಅರ್ಜಿಯಲ್ಲಿ ಮೇವಿನ ಜಾಗದ ಮಾತೂ ಇರಬೇಕು.

ಹಕ್ಕಿನೋಟ:
ಇರಲಿ. ಕರಡು ನಾನು ಬರೀತೀನಿ, ನೀವು, ಕಂಬಳಿ ಅಣ್ಣ ಇಬ್ಬರೂ ತಿದ್ದಿ. ಗೋಮಾಳ ಒತ್ತುವರಿ ಬಿಡಿಸೋದನ್ನ ಮೊದಲನೇ ಅಂಶ ಮಾಡೋಣ, ನಾಯಿ, ಕೋಳಿ ತ್ಯಾಜ್ಯ ಎರಡನೇದು.

ಕರಿ ಕಂಬಳಿ:
ಲಸಿಕೆ ದಿನ ಕುರಿಗಾರರನ್ನ ಕೇಳಿ ಗೊತ್ತು ಮಾಡ್ಬೇಕು ಅನ್ನೋದೂ ಸೇರಿಸ್ರಿ. ಸರ್ವೆ ನಂಬರ್ ಯಾರ ಹತ್ರ ಅವೆ?

ಸೂರ್ಯಕಾಂತಿ:
ನಾಡಕಚೇರಿಗೆ ಹೆಂಗೂ ಹೋಗ್ತೀನಿ, ನಮ್ಮೂರ ಗೋಮಾಳದ ಸರ್ವೆ ನಂಬರ್ ಕೇಳ್ಕೊಂಡು ಬರ್ತೀನಿ. ಉಳಿದ ಊರಿಂದು ನೀವು ನೀವು ತನ್ನಿ.